ಹದಿನೆಂಟರ ಕೈಗೆ ನಾನೂರು ಕುದುರೆ

ಕೆಂಪೇಗೌಡ ಲೇಔಟ್‌ನಲ್ಲಿ ಇನ್ನೂ ಮನೆ ಏಳದ ಬ್ಲಾಕುಗಳಿವೆ. ರಸ್ತೆ ಆಗಿದೆ, ಕರೆಂಟ್ ಕಂಬ ನಿಂತಿದೆ, ಜನ ಇಲ್ಲ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗ ಚಿರುವನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಏಪ್ರಿಲ್‌ನಲ್ಲಿ ಅವನಿಗೆ ಹದಿನೆಂಟು ತುಂಬಿತು. ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಬಂದಿದೆ. ನನ್ನ ಹಳೇ ಸ್ವಿಫ್ಟ್‌ಗೆ ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿ, ಪಕ್ಕದಲ್ಲಿ ನಾನು ಕೂತಿದ್ದೆ.

ಓಡಿಸೋಕೆ ಮುಂಚೆ ಅವನಿಗೆ ಒಂದು ಕಲ್ಲು ಕೊಟ್ಟೆ. "ನೀನು 40ರಲ್ಲಿ ಬರ್ತಾ ಇದೀಯ. ಇಲ್ಲಿ ಬಂದಾಗ ನಾನು ಬ್ರೇಕ್ ಅಂತ ಕೂಗ್ತೀನಿ. ಕಾರು ಎಲ್ಲಿ ನಿಲ್ಲುತ್ತೋ ಅಲ್ಲಿ ಕಲ್ಲಿಡು" ಅಂದೆ. ಅವನು ಹತ್ತು ಹೆಜ್ಜೆ ನಡೆದು ಇಟ್ಟ. ಟೇಪ್ ಹಿಡಿದರೆ 8 ಮೀಟರ್. 60ಕ್ಕೆ ಎಷ್ಟು ಅಂದೆ. ಸ್ವಲ್ಪ ಯೋಚಿಸಿ ಹದಿನೈದು ಹೆಜ್ಜೆ ಅಂದ.

ಆಮೇಲೆ ನಿಜವಾಗಿ ಓಡಿಸಿದೆವು. ನನ್ನ ಕೈಯಲ್ಲಿ ರಂಗೋಲಿ ಪುಡಿಯ ಪೊಟ್ಟಣಗಳಿದ್ದವು. ಕೂಗಿದ ಕ್ಷಣದಲ್ಲೇ ಒಂದು ಪೊಟ್ಟಣ ಕಿಟಕಿಯಿಂದ ಕೆಳಗೆ ಬಿಡೋದು, ಆ ಬಿಳಿ ಗುರುತಿನಿಂದ ಕಾರು ನಿಂತ ಜಾಗಕ್ಕೆ ಅಳೆಯೋದು. 40ರಲ್ಲಿ 21 ಮೀಟರ್ ಬಂತು. 60ರಲ್ಲಿ 38. ಚಿರು ಟೇಪಿನ ಆ ತುದಿ ಹಿಡಿದುಕೊಂಡು ತುಂಬ ಹೊತ್ತು ತನ್ನ ಕಲ್ಲನ್ನೇ ನೋಡುತ್ತಿದ್ದ. "ಮಾಮ, ನಾನು ಬ್ರೇಕ್ ಒತ್ತೋಕ್ ಮುಂಚೇನೇ ಕಲ್ಲು ದಾಟಿಹೋಗಿತ್ತಲ್ಲಾ" ಅಂದ. ಹೌದು, ಹಾಗೇ ಆಗಿತ್ತು.

ನಾನು ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಕ್ಕೆ ಕಾರಣ ಭಾವ. ದೇವನಹಳ್ಳಿ ಕಡೆ ಇದ್ದ ಅವರ ಜಮೀನು ಮಾರಾಟವಾಗಿ ಕೈಗೆ ದೊಡ್ಡ ದುಡ್ಡು ಬಂದಿದೆ. ಮಗ ಚೆನ್ನಾಗಿ ಓದಿ ಪಿಯುಸಿ ಮುಗಿಸಿದ್ದಾನೆ. ಚಿಕ್ಕವನಿದ್ದಾಗಿನಿಂದ ಗೋಡೆ ತುಂಬ ಕಾರಿನ ಪೋಸ್ಟರು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಕೆಂಪು ಫೋರ್ಡ್ ಮಸ್ಟಾಂಗ್ ಸ್ಪೋರ್ಟ್ಸ್ ಕಾರು ಸಿಗುತ್ತಿದೆ. "ನೋಡಪ್ಪ, ನಾನಂತೂ ಅವನ ವಯಸ್ಸಿನಲ್ಲಿ ಸೈಕಲ್ಲಿಗೂ ಬೇಡಿಕೊಂಡವನು. ಒಬ್ಬನೇ ಮಗ, ಕೊಡಿಸಿದ್ರೆ ತಪ್ಪೇನು? ನೀನು ದಿನಾ ಕಾರುಗಳನ್ನೇ ನೋಡೋನು, ಹೇಳು" ಅಂತ ಫೋನ್ ಮಾಡಿದ್ದರು.

ನಾನು ವಾಹನ ಇನ್ಶೂರೆನ್ಸ್ ಸರ್ವೇಯರ್. ಅಪಘಾತವಾದ ಕಾರುಗಳನ್ನು ನೋಡಿ, ಏನಾಯಿತು, ಎಷ್ಟು ನಷ್ಟ ಅಂತ ಬರೆದುಕೊಡೋದು ನನ್ನ ಕೆಲಸ. ಭಾವನಿಗೆ ಫೋನಿನಲ್ಲಿ "ಬೇಡ" ಅಂದುಬಿಡಬಹುದಿತ್ತು. ಆದರೆ ಅಪ್ಪನ ಆಸೆ ಅದು, ಬರೀ ಬೇಡ ಅಂದರೆ ಸಾಲದು. ಯಾಕೆ ಬೇಡ ಅನ್ನೋದನ್ನು ಬಿಡಿಸಿ ಹೇಳಬೇಕು. ಇದೇ ಪ್ರಶ್ನೆ ಇವತ್ತು ಬೆಂಗಳೂರಿನ ಎಷ್ಟೋ ಮನೆಗಳಲ್ಲಿದೆ, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಕಾನೂನು. ಮಗುವಿಗೆ ಹದಿನೆಂಟು ತುಂಬಿಲ್ಲ ಅಂದರೆ ಇಲ್ಲಿ ಯೋಚಿಸೋಕೇ ಏನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬುವ ತನಕ ಸಾರ್ವಜನಿಕ ರಸ್ತೆಯಲ್ಲಿ ಕಾರು ಓಡಿಸುವಂತಿಲ್ಲ, ಎಲ್ಎಲ್ಆರ್ ಕೂಡ ಸಿಗೋದಿಲ್ಲ. 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಸೆಕ್ಷನ್ ಸೇರಿತು. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಮಾಡಿದರೆ ತಪ್ಪು ಪೋಷಕರದ್ದು ಅಥವಾ ಗಾಡಿ ಮಾಲೀಕರದ್ದು ಅಂತಲೇ ಅದು ಹಿಡಿಯುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರಲಿಲ್ಲ" ಅಂತ ಸಾಬೀತು ಮಾಡಬೇಕಾದ ಹೊಣೆಯೂ ಅಪ್ಪ ಅಮ್ಮನ ಮೇಲೆಯೇ.

2024ರ ಮೇ 19ರಂದು ನಡುರಾತ್ರಿ ಕಳೆದ ಮೇಲೆ ಪುಣೆಯ ಕಲ್ಯಾಣಿನಗರದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಷೆ ಟೈಕಾನ್ ಬೈಕಿಗೆ ಗುದ್ದಿ, ಐಟಿ ಕೆಲಸದಲ್ಲಿದ್ದ ಇಬ್ಬರು ಸತ್ತರು. ಮುನ್ನೂರು ಪದದ ಪ್ರಬಂಧ ಬರೆಯಬೇಕು ಅನ್ನುವ ಜಾಮೀನಿನ ಷರತ್ತಿನ ಬಗ್ಗೆ ದೇಶವೆಲ್ಲ ಮಾತಾಡಿತು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಅದು ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು. ಸದ್ದಿಲ್ಲ, ಗೇರ್ ಹಾಕೋದಿಲ್ಲ, ಕಾಲಿಟ್ಟರೆ ಇಟ್ಟಷ್ಟೂ ಶಕ್ತಿ ಆ ಕ್ಷಣವೇ ಬರುತ್ತದೆ.

ಚಿರುವಿಗೆ ಹದಿನೆಂಟು ತುಂಬಿದೆ. ಹಾಗಾಗಿ ಕಾನೂನು ಅವನಿಗೆ ಅಡ್ಡ ಬರೋದಿಲ್ಲ. ನಿಜವಾದ ತೊಡಕು ಶುರುವಾಗೋದೇ ಇಲ್ಲಿ. ಎಲ್ಎಲ್ಆರ್ ಆಗಿ 30 ದಿನ ಕಳೆದರೆ ಡಿಎಲ್ ಟೆಸ್ಟಿಗೆ ಹೋಗಬಹುದು. ಆರ್‌ಟಿಓ ಟ್ರ್ಯಾಕಿನಲ್ಲಿ ಎಂಟು ಹಾಕಬೇಕು, ರಿವರ್ಸ್ ತೆಗೆಯಬೇಕು, ದಿಣ್ಣೆ ಮೇಲೆ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡಬೇಕು. ಎಲ್ಲವೂ ನಡಿಗೆಯ ವೇಗದಲ್ಲಿ. ಹೈವೇ ಇಲ್ಲ, ರಾತ್ರಿ ಇಲ್ಲ, ಮಳೆ ಇಲ್ಲ, ಜೋರಾಗಿ ಬ್ರೇಕ್ ಹಿಡಿದು ನೋಡೋದೂ ಇಲ್ಲ. ಪಾಸಾದರೆ ಲಘು ಮೋಟಾರು ವಾಹನ ಅಂತ ಒಂದೇ ಲೈಸೆನ್ಸ್. ಅದು ಆಲ್ಟೋಗೂ ಸಲ್ಲುತ್ತದೆ, ಲ್ಯಾಂಬೋರ್ಗಿನಿಗೂ ಸಲ್ಲುತ್ತದೆ. ಎಷ್ಟು ಶಕ್ತಿಯ ಕಾರು ಅಂತ ನಮ್ಮಲ್ಲಿ ಯಾರೂ ಕೇಳೋದಿಲ್ಲ.

ಎಲ್ಲ ಕಡೆ ಹೀಗಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 25 ದಾಟದ ಕಲಿಕೆಯವರು ಟೆಸ್ಟಿಗೆ ಹೋಗುವ ಮೊದಲು 120 ಗಂಟೆ ಓಡಿಸಿ ಪುಸ್ತಕದಲ್ಲಿ ಬರೆದಿಡಬೇಕು. ಅದರಲ್ಲಿ 20 ಗಂಟೆ ರಾತ್ರಿ ಓಡಿಸಿದ್ದಿರಬೇಕು. ಲೈಸೆನ್ಸ್ ಬಂದ ಮೇಲೂ ಮೊದಲ ಕೆಲವು ವರ್ಷ ಭಾರೀ ಶಕ್ತಿಯ ಕಾರು ಮುಟ್ಟುವಂತಿಲ್ಲ. ಅವರು ಬರೀ ಹಾರ್ಸ್‌ಪವರ್ ನೋಡೋದಿಲ್ಲ. ಕಾರಿನ ತೂಕಕ್ಕೆ ಎಷ್ಟು ಶಕ್ತಿ ಅಂತ ಲೆಕ್ಕ ಹಾಕುತ್ತಾರೆ. ಟನ್ನಿಗೆ 130 ಕಿಲೋವಾಟ್ ದಾಟಿದರೆ ಹೊಸಬರಿಗೆ ಇಲ್ಲ.

ಈ ಲೆಕ್ಕ ನನಗೆ ತುಂಬ ಇಷ್ಟ, ಯಾಕೆಂದರೆ ಮನೆಯಲ್ಲೇ ಕೂತು ಮಾಡಬಹುದು. 130 ಕಿಲೋವಾಟ್ ಅಂದರೆ ಸುಮಾರು 175 ಕುದುರೆ (ಹಾರ್ಸ್‌ಪವರ್). ಹೊಸ ಸ್ವಿಫ್ಟ್‌ನ ಎಂಜಿನ್ 82 ಕುದುರೆಯದ್ದು, ಕಾರಿನ ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ಟನ್ನಿಗೆ 90 ಕುದುರೆ ಆಸುಪಾಸು ಬರುತ್ತದೆ. ಭಾವ ನೋಡಿದ್ದ ಮಸ್ಟಾಂಗ್‌ನದ್ದು ಐದು ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಸುಮಾರು 400 ಕುದುರೆ, ತೂಕ ಒಂದೂಮುಕ್ಕಾಲು ಟನ್. ಟನ್ನಿಗೆ 230 ಹತ್ತಿರ. ನಮ್ಮ ಊರಲ್ಲಿ ಸಾಮಾನ್ಯವಾಗಿ ಓಡಾಡುವ ಹ್ಯಾಚ್‌ಬ್ಯಾಕು, ಸೆಡಾನುಗಳೆಲ್ಲ ಈ 175ರ ಗೆರೆಯ ಕೆಳಗೇ ಇವೆ. ಆರ್‌ಸಿಯಲ್ಲಿ ತೂಕ ಇರುತ್ತದೆ, ಶಕ್ತಿ ಎಷ್ಟು ಅಂತ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಭಾಗಿಸಿ ನೋಡಿ.

ಈ ಸಂಖ್ಯೆ ಯಾಕೆ ಮುಖ್ಯ? ಶಕ್ತಿ ಜಾಸ್ತಿಯಾದರೆ ಟಾಪ್ ಸ್ಪೀಡ್ ಜಾಸ್ತಿ, ಅದೇ ಅಪಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಟಾಪ್ ಸ್ಪೀಡ್ ದೊಡ್ಡ ವಿಷಯವೇ ಅಲ್ಲ, ಸ್ವಿಫ್ಟ್ ಕೂಡ 140 ಹೋಗುತ್ತದೆ. ಕಷ್ಟ ಇರೋದು ಆ ವೇಗಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಅನ್ನೋದರಲ್ಲಿ. ಸ್ವಿಫ್ಟ್‌ನಂಥ ಕಾರಿನಲ್ಲಿ 40ರಿಂದ 80ಕ್ಕೆ ಹೋಗಲು ಐದಾರು ಸೆಕೆಂಡ್ ಬೇಕು. ಎಂಜಿನ್ ಕಿರುಚುತ್ತದೆ, ಗೇರ್ ಬದಲಿಸಬೇಕು. "ಜಾಸ್ತಿ ಆಯ್ತು" ಅಂತ ಕಿವಿಗೂ ಕಾಲಿಗೂ ಗೊತ್ತಾಗಲು ಸಮಯವಿದೆ. ಮಸ್ಟಾಂಗ್‌ನಲ್ಲಿ ಅದೇ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಲಿಯುವವನು ಪಕ್ಕದ ಕನ್ನಡಿ ನೋಡಿ ಮತ್ತೆ ಮುಂದೆ ನೋಡುವಷ್ಟರಲ್ಲಿ.

ಹೊಸಬರು ತಪ್ಪು ಮಾಡುತ್ತಾರೆ. ಮಾಡಲೇಬೇಕು, ಕಲಿಯೋದೇ ಹಾಗೆ. ಕ್ಲಚ್ ಬಿಡೋದು ಹೆಚ್ಚುಕಮ್ಮಿಯಾಗುತ್ತದೆ, ಪಕ್ಕದ ಗಾಡಿಯ ವೇಗದ ಅಂದಾಜು ತಪ್ಪುತ್ತದೆ, ತಿರುವು ಅಂದುಕೊಂಡದ್ದಕ್ಕಿಂತ ಕಡಿದಾಗಿರುತ್ತದೆ. ಕಡಿಮೆ ಶಕ್ತಿಯ ಕಾರು ಆ ತಪ್ಪು ತಿದ್ದಿಕೊಳ್ಳಲು ನಾಲ್ಕೈದು ಸೆಕೆಂಡ್ ಕೊಡುತ್ತದೆ. ಸ್ಪೋರ್ಟ್ಸ್ ಕಾರು ಒಂದೂವರೆ ಕೊಡುತ್ತದೆ. ಹುಡುಗ ಒಳ್ಳೆಯವನಾ, ಜವಾಬ್ದಾರಿ ಇದೆಯಾ ಅನ್ನುವ ಪ್ರಶ್ನೆಗಿಂತ ಇದು ಮುಂಚಿನದು. ಎಷ್ಟೇ ಒಳ್ಳೆಯ ಹುಡುಗನಾದರೂ ಒಂದೂವರೆ ಸೆಕೆಂಡಿನಲ್ಲಿ ಏನು ಮಾಡಬೇಕು ಅಂತ ಅವನ ಕೈಕಾಲಿಗೆ ಇನ್ನೂ ಗೊತ್ತಿರೋದಿಲ್ಲ. ಗೊತ್ತಾಗಲು ವರ್ಷಗಳು ಬೇಕು.

ಸಮಯ ಕಳೆದುಕೊಳ್ಳೋದು ಅವನೊಬ್ಬನೇ ಅಲ್ಲ. ಬೆಳಿಗ್ಗೆ ಆರೂವರೆಗೆ ರಸ್ತೆ ದಾಟುವ ಪೌರಕಾರ್ಮಿಕ ಮಹಿಳೆಯನ್ನು ಯೋಚಿಸಿ. ದೂರದಲ್ಲಿ ಕಾರು ಕಾಣುತ್ತದೆ. ದಿನಾ ನೋಡುವ ಕಾರುಗಳ ಲೆಕ್ಕದಲ್ಲಿ "ದಾಟಬಹುದು" ಅಂತ ಹೆಜ್ಜೆ ಇಡುತ್ತಾರೆ. ಅವರ ಅಂದಾಜು ಸರಿಯೇ ಇದೆ. ಆದರೆ ಆ ಕಾರು ಅವರು ರಸ್ತೆ ಮಧ್ಯಕ್ಕೆ ಬರುವಷ್ಟರಲ್ಲಿ ವೇಗ ದುಪ್ಪಟ್ಟು ಮಾಡಿಕೊಂಡಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ನೂರರಲ್ಲಿ 44 ಮಂದಿ ಬೈಕು, ಸ್ಕೂಟರಿನಲ್ಲಿ ಇದ್ದವರು, 19 ಮಂದಿ ನಡೆದು ಹೋಗುತ್ತಿದ್ದವರು. ಹತ್ತರಲ್ಲಿ ಏಳು ಸಾವಿಗೆ ಕೇಂದ್ರ ಸಾರಿಗೆ ಇಲಾಖೆ ಬರೆದ ಕಾರಣ ಅತಿವೇಗ.

ಇನ್ನು ಗುದ್ದಿನ ಲೆಕ್ಕ. ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೀಗೆ ಹೇಳಿದರೆ ಯಾರಿಗೂ ನಾಟೋದಿಲ್ಲ, ಅದಕ್ಕೆ ನಾನು ಮಹಡಿ ಲೆಕ್ಕದಲ್ಲಿ ಹೇಳುತ್ತೇನೆ. 60ರಲ್ಲಿ ಹೋಗಿ ಗೋಡೆಗೆ ಗುದ್ದುವುದು 14 ಮೀಟರ್ ಎತ್ತರದಿಂದ, ಅಂದರೆ ಅಪಾರ್ಟ್‌ಮೆಂಟಿನ ನಾಲ್ಕೈದನೇ ಮಹಡಿಯಿಂದ ಕಾರು ಬಿದ್ದ ಹಾಗೆ. 100ರಲ್ಲಿ ಆದರೆ ಹದಿಮೂರನೇ ಮಹಡಿ. 120ರಲ್ಲಿ ಹದಿನೆಂಟು ದಾಟುತ್ತದೆ. ನಿಲ್ಲಿಸುವ ದೂರವೂ ಹಾಗೇ ಬೆಳೆಯುತ್ತದೆ. ಚಿರು ಬ್ರೇಕ್ ಹಿಡಿಯಬೇಕು ಅಂತ ಮೊದಲೇ ಗೊತ್ತಿದ್ದು 60ರಲ್ಲಿ 38 ಮೀಟರ್ ತೆಗೆದುಕೊಂಡ. ಗೊತ್ತಿಲ್ಲದೆ ನಾಯಿ ಅಡ್ಡ ಬಂದರೆ 45 ಆಗುತ್ತದೆ. ಅದೇ 100ರಲ್ಲಿ 100 ಮೀಟರ್ ಹತ್ತಿರ ಬೇಕು, ಅದರಲ್ಲಿ 40 ಮೀಟರ್ ಕಾಲು ಬ್ರೇಕಿಗೆ ಹೋಗುವ ಮುಂಚೆಯೇ ಕಳೆದುಹೋಗಿರುತ್ತದೆ. ದುಬಾರಿ ಕಾರಿನ ಬ್ರೇಕ್ ಒಳ್ಳೆಯದಿರುತ್ತದೆ, ನಿಜ. ಆದರೆ ಆ ಮೊದಲ 40 ಮೀಟರಿನಲ್ಲಿ ಯಾವ ಬ್ರೇಕೂ ಕೆಲಸ ಮಾಡೋದಿಲ್ಲ.

ನಾಲ್ಕು ಟೈರುಗಳು ರಸ್ತೆಗೆ ತಾಗುವ ಜಾಗ ಒಂದೊಂದೂ ಸುಮಾರು ಅಂಗೈ ಅಗಲ, ಅಷ್ಟೇ. ಬ್ರೇಕ್ ಹಿಡಿಯೋದು, ತಿರುಗಿಸೋದು, ಮುಂದೆ ತಳ್ಳೋದು, ಎಲ್ಲವೂ ಆ ನಾಲ್ಕು ಅಂಗೈಗಳಿಂದಲೇ ಆಗಬೇಕು. ಮಸ್ಟಾಂಗ್‌ನಂಥ ಕಾರಿನಲ್ಲಿ ಎಂಜಿನ್ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ. ತಿರುವಿನಲ್ಲಿ ಆ್ಯಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೆ ಹಿಂದಿನ ಚಕ್ರ ಹಿಡಿತ ಬಿಟ್ಟು, ಕಾರಿನ ಹಿಂಭಾಗ ಹೊರಗೆ ತಿರುಗುತ್ತದೆ. ಗಾಬರಿಯಾಗಿ ಕಾಲು ಪೂರ್ತಿ ತೆಗೆದರೆ ಇನ್ನೂ ತಿರುಗುತ್ತದೆ. ಮೊದಲ ಮಳೆ ಬಿದ್ದ ರಸ್ತೆ, ಅಂಚಿನಲ್ಲಿ ಮರಳು, ಇಷ್ಟು ಸಾಕು. ಇದನ್ನು ತಡೆಯಲು ಕಾರಿನಲ್ಲಿ ಇಎಸ್‌ಸಿ ಅನ್ನುವ ವ್ಯವಸ್ಥೆ ಇರುತ್ತದೆ, ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಕಾರನ್ನು ನೇರ ಮಾಡುತ್ತದೆ. ತುಂಬ ಒಳ್ಳೆಯ ವ್ಯವಸ್ಥೆ. ಆದರೆ ಸ್ಪೋರ್ಟ್ಸ್ ಕಾರುಗಳಲ್ಲಿ ಅದನ್ನು ಆಫ್ ಮಾಡುವ ಬಟನ್ ಕೈಗೆಟಕುವ ಹಾಗೇ ಇರುತ್ತದೆ. ಹೇಗೆ ಆಫ್ ಮಾಡೋದು ಅಂತ ತೋರಿಸುವ ರೀಲ್‌ಗಳೂ ಹುಡುಗರ ಫೋನಿನಲ್ಲಿ ಇರುತ್ತವೆ.

ಭಾವ ಹೇಳಿದ ಒಂದು ಮಾತನ್ನು ನಾನು ತಳ್ಳಿಹಾಕಲಿಲ್ಲ. "ಅಷ್ಟು ದುಡ್ಡು ಕೊಟ್ಟ ಕಾರು ಗಟ್ಟಿ ಇರುತ್ತೆ, ಏರ್‌ಬ್ಯಾಗ್ ಇರುತ್ತೆ. ಸಣ್ಣ ಕಾರಿಗಿಂತ ಅದರಲ್ಲಿ ಮಗ ಸೇಫ್ ಅಲ್ವಾ?" ಅಂದರು. ಕಾರಿನ ಗಟ್ಟಿತನ ಬಹಳ ಮುಖ್ಯ, ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಬೆಲೆ ನೋಡಿ ಅದನ್ನು ಹೇಳೋಕೆ ಆಗೋದಿಲ್ಲ. ಯೂರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷೆ ಮಾಡುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2017ರ ಜನವರಿಯಲ್ಲಿ ಇದೇ ಮಸ್ಟಾಂಗ್‌ಗೆ ಐದರಲ್ಲಿ ಎರಡೇ ಸ್ಟಾರ್ ಕೊಟ್ಟಿತು. ಕಂಪನಿ ಬದಲಾವಣೆ ಮಾಡಿದ ಮೇಲೆ ಅದು ಮೂರಾಯಿತು. ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಯ ಟಾಟಾ ನೆಕ್ಸಾನ್ 2018ರಲ್ಲೇ ಗ್ಲೋಬಲ್ ಎನ್‌ಕ್ಯಾಪ್‌ನ ಪರೀಕ್ಷೆಯಲ್ಲಿ ಐದು ಸ್ಟಾರ್ ತೆಗೆದುಕೊಂಡಿತ್ತು. ಎರಡೂ ಪರೀಕ್ಷೆ ಬೇರೆ ಬೇರೆ, ಪಕ್ಕದಲ್ಲಿಟ್ಟು ಅಳೆಯೋಕೆ ಆಗೋದಿಲ್ಲ. ದುಡ್ಡಿಗೂ ಸ್ಟಾರಿಗೂ ಸಂಬಂಧವಿಲ್ಲ ಅನ್ನೋದು ಮಾತ್ರ ಇದರಿಂದ ಗೊತ್ತಾಗುತ್ತದೆ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಮಗನಿಗೆ ಕಾರು ನೋಡುವಾಗ ಅದರ ಪಟ್ಟಿ ತೆಗೆದು ನೋಡಿ.

ಇನ್ನೊಂದು ಮಾತೂ ಎಲ್ಲ ಅಪ್ಪಂದಿರೂ ಹೇಳುತ್ತಾರೆ. "ಈ ಬೆಂಗಳೂರು ಟ್ರಾಫಿಕ್‌ನಲ್ಲಿ ಎಲ್ಲಿ ಓಡಿಸ್ತಾನೆ ಬಿಡು, ಸಿಲ್ಕ್ ಬೋರ್ಡ್‌ನಲ್ಲಿ ಮಸ್ಟಾಂಗೂ ಒಂದೇ ಆಟೋನೂ ಒಂದೇ." ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದಲ್ಲಿ 2023ರಲ್ಲಿ ನಗರದ ನಡುವೆ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ ಬೇಕಾಗಿತ್ತು. ಇದನ್ನು ಕೇಳಿ ಸಮಾಧಾನಪಡುವವರಿಗೆ ನಾನು ಹೇಳೋದು ಒಂದೇ. ಹಗಲೆಲ್ಲ ತೆವಳುವ ಊರಿನಲ್ಲಿ ಆ ಶಕ್ತಿ ಹೊರಗೆ ಬರುವ ಹೊತ್ತು ಯಾವುದು? ರಾತ್ರಿ ಹನ್ನೊಂದರ ಮೇಲೆ ಏರ್‌ಪೋರ್ಟ್ ರಸ್ತೆ. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ದಾರಿ. ನಿದ್ದೆಗೆಟ್ಟ ಕಣ್ಣು, ಕತ್ತಲು, ಕಾರಿನ ತುಂಬ ಗೆಳೆಯರು. ಅಪಾಯ ಅತಿ ಹೆಚ್ಚಿರುವ ಗಂಟೆಗಳಿಗೇ ನಮ್ಮ ಟ್ರಾಫಿಕ್ ಆ ಕಾರನ್ನು ಕೂಡಿಟ್ಟು ಕೊಡುತ್ತದೆ.

ಗೆಳೆಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಜೊತೆಗಾರರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರಿನ ಆಟ. ಸಿಗ್ನಲ್ ಹಳದಿಯಾಗುತ್ತದೆ, ಇನ್ನೂ ಮುಂದೆ ಹೋದರೆ ಅಂಕ ಜಾಸ್ತಿ, ಗುದ್ದಿದರೆ ಆ ಸುತ್ತಿನ ಅಂಕವೆಲ್ಲ ಹೋಯಿತು. ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು, 24 ದಾಟಿದವರು, ಹೀಗೆ ಮೂರು ಗುಂಪು. ಒಬ್ಬೊಬ್ಬರೇ ಆಡಿದಾಗ ಹುಡುಗರೂ ದೊಡ್ಡವರ ಹಾಗೇ ಹೆಚ್ಚುಕಡಿಮೆ ಹುಷಾರಾಗಿ ಆಡಿದರು. ಗೆಳೆಯರು ಹಿಂದೆ ನಿಂತು ನೋಡುವಾಗ ಚಿಕ್ಕವರು ತೆಗೆದುಕೊಂಡ ಅಪಾಯ ತುಂಬ ಏರಿತು. ದೊಡ್ಡವರಲ್ಲಿ ಏನೂ ಬದಲಾಗಲಿಲ್ಲ.

ಇದು ಸಂಸ್ಕಾರದ ಕೊರತೆ ಅಲ್ಲ. ಖುಷಿ, ಮೆಚ್ಚುಗೆಗೆ ಓಗೊಡುವ ಮಿದುಳಿನ ಭಾಗ ಹದಿಹರೆಯದಲ್ಲೇ ಜೋರಾಗಿ ಕೆಲಸ ಶುರುಮಾಡುತ್ತದೆ. "ತಡಿ, ಯೋಚಿಸು" ಅನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಹತ್ತಿರ ಬೇಕು. ಅಪ್ಪ ಪಕ್ಕದಲ್ಲಿ ಕೂತಾಗ ಚಿರು 50 ದಾಟೋದಿಲ್ಲ. ಅದು ನಾಟಕ ಅಲ್ಲ, ಆ ಹುಡುಗ ನಿಜವಾಗಿಯೂ ಅಷ್ಟು ಹುಷಾರು. ಗೆಳೆಯರು ಮೂವರು ಹಿಂದೆ ಕೂತು "ಮಗಾ, ಒಂದ್ಸಲ ಒತ್ತೋ" ಅಂದಾಗ ಓಡಿಸೋನೂ ಅವನೇ.

2021ರ ಆಗಸ್ಟ್ 31ರಂದು ನಡುರಾತ್ರಿ ಕಳೆದ ಮೇಲೆ ಕೋರಮಂಗಲದಲ್ಲಿ ಒಂದು ಐಷಾರಾಮಿ ಎಸ್‌ಯುವಿ ಫುಟ್‌ಪಾತ್ ಹತ್ತಿ ಕಟ್ಟಡಕ್ಕೆ ಗುದ್ದಿತು. ಒಳಗಿದ್ದ ಏಳೂ ಜನ ಸತ್ತರು. ಬಹುತೇಕ ಎಲ್ಲರೂ ಇಪ್ಪತ್ತರ ಹರೆಯದವರು. ಯಾರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು.

ಬೆಲ್ಟಿನ ಬಗ್ಗೆ ನನ್ನ ಕೆಲಸದಲ್ಲಿ ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ಜೋರಾಗಿ ಗುದ್ದಿದ ಕಾರಿನಲ್ಲಿ ಬೆಲ್ಟ್ ಹಾಕಿದ್ದರೆ ಅದರ ಗುರುತು ಉಳಿಯುತ್ತದೆ. ಮೈಯ ಭಾರಕ್ಕೆ ಪಟ್ಟಿ ಎಳೆದುಕೊಂಡಿರುತ್ತದೆ, ಅದು ಹಾದುಹೋಗುವ ಬಳೆಯ ಪ್ಲಾಸ್ಟಿಕ್ ಉಜ್ಜಿ ಕರಗಿದ ಹಾಗೆ ಹೊಳೆಯುತ್ತದೆ. ಮೈಸೂರು ರಸ್ತೆಯ ಒಂದು ಯಾರ್ಡಿನಲ್ಲಿ ಕಾಲೇಜು ಹುಡುಗನೊಬ್ಬ ಓಡಿಸಿದ್ದ ಕಾರು ನೋಡಿದ್ದೆ. ಬೆಲ್ಟ್ ಬಕಲ್‌ಗೆ ಸಿಕ್ಕಿಸಿಯೇ ಇತ್ತು. ಪಟ್ಟಿ ಮಾತ್ರ ಹೊಸದರ ಹಾಗೆ ನುಣ್ಣಗಿತ್ತು. ಮೊದಲು ಅರ್ಥವಾಗಲಿಲ್ಲ. ಆಮೇಲೆ ನೋಡಿದರೆ ಸೀಟಿನ ಹಿಂದಿನಿಂದ ತಂದು ಸಿಕ್ಕಿಸಿ, ಅದರ ಮೇಲೆ ಕೂತಿದ್ದ. ಟಿಣ್ ಟಿಣ್ ಸದ್ದು ನಿಲ್ಲಲಿ ಅಂತ. ಕೆಳಗೆ ಕ್ಲಚ್ ಹತ್ತಿರ ಒಂದೇ ಚಪ್ಪಲಿ ಬಿದ್ದಿತ್ತು. ವರದಿಯಲ್ಲಿ ಚಪ್ಪಲಿಗೆ ಕಾಲಂ ಇಲ್ಲ. ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ದುಡ್ಡಿನ ಹೊಣೆಯೂ ಅಪ್ಪನದೇ. ಕಾರು ಭಾವನ ಹೆಸರಿನಲ್ಲಿದ್ದು ಮಗ ಓಡಿಸಿ ಯಾರಿಗಾದರೂ ಪೆಟ್ಟಾದರೆ, ಪರಿಹಾರದ ಕೇಸು ಮಾಲೀಕರ ಮೇಲೂ ಬರುತ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಕಂಪನಿ ಕೊಡುತ್ತದೆ. ಓಡಿಸಿದವನ ಬಳಿ ಸರಿಯಾದ ಲೈಸೆನ್ಸ್ ಇರಲಿಲ್ಲ, ಅಥವಾ ಎಲ್ಎಲ್ಆರ್ ಇಟ್ಟುಕೊಂಡು ಒಬ್ಬನೇ ಹೋಗಿದ್ದ ಅಂದರೆ, ಗಾಯಗೊಂಡವರಿಗೆ ಕೊಟ್ಟ ಹಣವನ್ನು ಕಂಪನಿ ಮಾಲೀಕರಿಂದ ವಸೂಲಿ ಮಾಡಬಹುದು. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ, ಅದು ಓಡಿಸಿದವನಿಗೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಕ್ಯಾಮೆರಾ ಇದೆ. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂತ ರಾಜ್ಯದ ಪೊಲೀಸರು ಹೇಳಿದ್ದಾರೆ. ಹದಿನೆಂಟಕ್ಕೇ ಒಂದು ಎಫ್‌ಐಆರ್ ಬಿದ್ದರೆ ಪಾಸ್‌ಪೋರ್ಟ್, ವೀಸಾಗೆ ಹೋದಾಗಲೆಲ್ಲ ಅದಕ್ಕೆ ಉತ್ತರ ಹೇಳಬೇಕು.

"ನಾವು ಮಸ್ಟಾಂಗ್ ತಗೊಳ್ಳೋರಲ್ಲ, ಇದು ನಮಗಲ್ಲ" ಅಂತ ಅಂದುಕೊಂಡವರಿಗೂ ಒಂದು ಮಾತು. ಶಕ್ತಿ ಈಗ ಅಗ್ಗವಾಗಿದೆ. 2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರಾ ಬಿಇ 6 ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ ಮಾದರಿಯಲ್ಲಿ 286 ಕುದುರೆ ಇದೆ. ನಿಂತಲ್ಲಿಂದ 100ಕ್ಕೆ 6.7 ಸೆಕೆಂಡ್ ಅಂತ ಕಂಪನಿಯೇ ಹೇಳುತ್ತದೆ. ಕಾರು ಭಾರವಿರುವುದರಿಂದ ಟನ್ನಿನ ಲೆಕ್ಕದಲ್ಲಿ ಗೆರೆಯ ಕೆಳಗೇ ಬರುತ್ತದೆ, ಆದರೂ ಸ್ವಿಫ್ಟ್‌ನ ಮೂರೂವರೆ ಪಟ್ಟು ಕುದುರೆಗಳು. ಅದನ್ನು ಮನೆಮಂದಿಯೆಲ್ಲ ಕೂತು ಧರ್ಮಸ್ಥಳಕ್ಕೆ ಹೋಗೋಕೆ ತೆಗೆದುಕೊಂಡಿರುತ್ತಾರೆ. ಕೀ ಮಾತ್ರ ಹಾಲ್‌ನ ಟೀವಿ ಪಕ್ಕದಲ್ಲೇ ಇರುತ್ತದೆ. ಹತ್ತು ವರ್ಷ ಹಳೆಯ ಜರ್ಮನ್ ಸೆಡಾನುಗಳೂ ಈಗ ಹೊಸ ಹ್ಯಾಚ್‌ಬ್ಯಾಕಿನ ಬೆಲೆಗೆ ಸಿಗುತ್ತವೆ. ಅಪ್ಪನಿಗೆ ಅದು ಗೌರವದ ಕಾರು, ಮಗನಿಗೆ ಅದರ ಶಕ್ತಿ ಎಷ್ಟು ಅಂತ ಅಪ್ಪನಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಏನು ಕೊಡೋದು? ನಾನು ಭಾವನಿಗೆ ಹೇಳಿದ್ದು ಇಷ್ಟು. 80ರಿಂದ 110 ಕುದುರೆಯ ಪೆಟ್ರೋಲ್ ಕಾರು. ಐದು ಸ್ಟಾರ್, ಆರು ಏರ್‌ಬ್ಯಾಗ್, ಇಎಸ್‌ಸಿ ಇರಲೇಬೇಕು. ತೀರಾ ಹಳೇ ಡಬ್ಬ ಕಾರು ಕೊಟ್ಟು "ಇದರಲ್ಲಿ ಕಲಿ, ಗೀರು ಬಿದ್ರೂ ಪರವಾಗಿಲ್ಲ" ಅನ್ನುವ ನಮ್ಮ ಅಭ್ಯಾಸ ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ಎರಡು ಕಾರಿದ್ದರೆ ಗಟ್ಟಿಯಾದ್ದು ಮಗುವಿಗೆ, ಹಳೆಯದು ನಮಗೆ. ಗುದ್ದುವ ಸಾಧ್ಯತೆ ಯಾರಿಗೆ ಜಾಸ್ತಿಯೋ ಏರ್‌ಬ್ಯಾಗ್ ಅವರಿಗೆ ಬೇಕು.

ಆಮೇಲೆ ಮೊದಲ ಆರು ತಿಂಗಳು. ಲೈಸೆನ್ಸ್ ಬಂದ ಶುರುವಿನ ತಿಂಗಳುಗಳಲ್ಲೇ ಅಪಘಾತ ಹೆಚ್ಚು ಅನ್ನೋದು ಹಲವು ದೇಶಗಳಲ್ಲಿ ಕಂಡದ್ದು. ಅದಕ್ಕೇ ನ್ಯೂಜಿಲೆಂಡ್ 1987ರಲ್ಲೇ ಲೈಸೆನ್ಸನ್ನು ಹಂತ ಹಂತವಾಗಿ ಕೊಡಲು ಶುರುಮಾಡಿತು. ಅಲ್ಲಿ ಹೊಸಬರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಸರ್ಕಾರ ಮಾಡಿಲ್ಲ ಅಂದರೆ ಮನೆಯಲ್ಲಿ ಮಾಡಿಕೊಳ್ಳಬಹುದಲ್ಲಾ. ಹತ್ತರ ಮೇಲೆ ಕಾರು ತೆಗೆಯೋದಿಲ್ಲ. ಒಬ್ಬ ಗೆಳೆಯ ಮಾತ್ರ. ತಡವಾದರೆ ಎಷ್ಟು ಹೊತ್ತಾದರೂ ಫೋನ್ ಮಾಡು, ಬಂದು ಕರೆದುಕೊಂಡು ಹೋಗುತ್ತೇವೆ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳೋದಿಲ್ಲ. ಈ ಕೊನೆಯದು ಅಕ್ಕ ಸೇರಿಸಿದ್ದು. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಅನ್ನಿಸುತ್ತದೆ ನನಗೆ.

ಈಗ ಕಾರುಗಳಲ್ಲಿ ಫೋನ್ ಆ್ಯಪ್ ಬರುತ್ತದೆ, ಮಗ ಎಷ್ಟು ವೇಗದಲ್ಲಿದ್ದಾನೆ ಅಂತ ಅಪ್ಪನಿಗೆ ಮೆಸೇಜ್ ಬರುವ ಹಾಗೆ ಮಾಡಬಹುದು. ಮಾಡಿದರೆ ಮಗನಿಗೆ ಹೇಳಿಯೇ ಮಾಡಿ. ಕದ್ದು ನೋಡಿದರೆ ಅವನು ಬೇರೆಯವರ ಕಾರು ಹತ್ತುತ್ತಾನೆ.

ವೇಗದ ಆಸೆಯನ್ನು ತಪ್ಪು ಅಂತ ನಾನು ಹೇಳಲಾರೆ. ನನಗೂ ಇತ್ತು, ಈಗಲೂ ವಿ8 ಸದ್ದು ಕೇಳಿದರೆ ತಿರುಗಿ ನೋಡುತ್ತೇನೆ. ಅದಕ್ಕೆ ಬೇರೆ ಜಾಗ ಇದೆ. ಬೆಂಗಳೂರಲ್ಲೇ ಗೋ-ಕಾರ್ಟಿಂಗ್ ಟ್ರ್ಯಾಕ್‌ಗಳಿವೆ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಶ್ರೀಪೆರಂಬದೂರಿನ ಹತ್ತಿರ ಚೆನ್ನೈನವರ ಟ್ರ್ಯಾಕ್ ಇದೆ. ನಮ್ಮ ಬೆಂಗಳೂರಿನವರೇ ಆದ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ಯೂರೋಪಿನ ಫಾರ್ಮುಲಾ 2, ಡಿಟಿಎಂ ರೇಸುಗಳವರೆಗೆ ಹೋಗಿದ್ದಾರೆ. ಇಬ್ಬರೂ ಶುರುಮಾಡಿದ್ದು ಚಿಕ್ಕಂದಿನಲ್ಲಿ ಕಾರ್ಟಿಂಗ್‌ನಿಂದ. ಕಾರ್ಟ್ ನೆಲಕ್ಕೆ ಅಂಟಿದ ಹಾಗೆ ಓಡುತ್ತದೆ, ಶಕ್ತಿ ಕಡಿಮೆ, ತಪ್ಪು ಮಾಡಿದರೆ ಟೈರಿನ ಗೋಡೆಗೆ ತಾಗಿ ನಿಲ್ಲುತ್ತದೆ. ಹಿಂಭಾಗ ಜಾರಿದಾಗ ಕೈ ಏನು ಮಾಡಬೇಕು ಅಂತ ಅಲ್ಲಿ ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಸಲ ಕಲಿಯಬಹುದು.

ಭಾವ ಮಸ್ಟಾಂಗ್ ಬಿಟ್ಟರು. ಪೂರ್ತಿ ಮನಸ್ಸಿನಿಂದ ಬಿಟ್ಟರು ಅಂತ ಹೇಳಲಾರೆ. ಆ ಕೆಂಪು ಕಾರಿನ ಫೋಟೋ ಇನ್ನೂ ಅವರ ಫೋನಿನಲ್ಲಿದೆ. ಚಿರುವಿಗೆ ಇಪ್ಪತ್ತೈದಾಗಲಿ, ಅಲ್ಲಿಯವರೆಗೆ ದುಡ್ಡು ಬ್ಯಾಂಕಿನಲ್ಲಿರಲಿ, ಆಗಲೂ ಅವನಿಗೆ ಬೇಕು ಅನ್ನಿಸಿದರೆ ಒಟ್ಟಿಗೇ ಹೋಗಿ ತೆಗೆದುಕೊಳ್ಳಿ ಅಂತ ಹೇಳಿದ್ದೇನೆ. ಚಿರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ಮೂರನೇ ದಿನ ಒಂದು ಉದ್ದ ನೋಟ್‌ಬುಕ್ ತಂದ. ನ್ಯೂ ಸೌತ್ ವೇಲ್ಸ್‌ನವರ ಹಾಗೆ ಗೆರೆ ಎಳೆದಿದ್ದಾನೆ. ದಿನಾಂಕ, ಎಷ್ಟು ಹೊತ್ತು, ಯಾವ ರಸ್ತೆ, ಹಗಲೋ ರಾತ್ರಿಯೋ, ಪಕ್ಕದಲ್ಲಿ ಯಾರಿದ್ದರು.

ನಿನ್ನೆಗೆ 31 ಗಂಟೆ ಆಗಿದೆ. ರಾತ್ರಿಯ ಕಾಲಂನಲ್ಲಿ ನಾಲ್ಕೇ ಗಂಟೆ ಇದೆ, ಮಳೆಯದ್ದು ಇನ್ನೂ ಖಾಲಿ. ಮುಂದಿನ ಭಾನುವಾರ ಮಳೆ ಬಂದರೆ ಮತ್ತೆ ಕೆಂಪೇಗೌಡ ಲೇಔಟ್‌ಗೆ ಹೋಗೋಣ ಅಂದಿದ್ದೇನೆ. ಒದ್ದೆ ರಸ್ತೆಯಲ್ಲಿ ರಂಗೋಲಿ ಪುಡಿ ನಿಲ್ಲೋದಿಲ್ಲ, ಗುರುತಿಗೆ ಬೇರೆ ಏನಾದರೂ ನೋಡಬೇಕು. ಕಲ್ಲು ಕಾರಿನಲ್ಲೇ ಇದೆ.